ಮರೀನ್ ಟ್ಯಾಂಕಲ್ಲಿ ಮೀನು ಒಂದೊಂದೇ ಹೋಗ್ತಿದ್ಯಾ? ಔಷಧಿ ಸುರಿಯೋಕ್ ಮುಂಚೆ ಒಳಗಿರೋ ರೌಡಿ ಯಾರು ಅಂತ ನೋಡಿ

ಮೊದ್ಲು ನಾನು ಮಾಡ್ಕೊಂಡ ಎಡವಟ್ಟು ಹೇಳ್ಬಿಡ್ತೀನಿ, ಆಮೇಲೆ ದೋಷ ಹುಡುಕೋ ವಿಷಯಕ್ಕೆ ಬರೋಣ.

ನಂದು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಮರೀನ್ ಟ್ಯಾಂಕು, ಅಂದ್ರೆ ಸಮುದ್ರದ ಮೀನು ಸಾಕೋ ಉಪ್ಪುನೀರಿನ ಅಕ್ವೇರಿಯಂ. ಲೆಕ್ಕಕ್ಕೆ 255 ಲೀಟರ್, ಕಲ್ಲು ಮರಳು ಕಳೆದ್ರೆ 200 ಲೀಟರ್ ನೀರು ಹಿಡಿದ್ರೆ ಹೆಚ್ಚು. ಎಂಟು ತಿಂಗ್ಳು ಯಾವ ತಕರಾರೂ ಇರ್ಲಿಲ್ಲ. ಒಂದು ಜೋಡಿ ಕ್ಲೌನ್ ಮೀನು, ಒಂದು ಫೈರ್‌ಫಿಶ್, ಒಂದು ಬಂಗಾಯ್ ಕಾರ್ಡಿನಲ್ ಮೀನು, ಎರಡು ಕ್ಲೀನರ್ ಶ್ರಿಂಪ್ (ಸಿಗಡಿ ಜಾತಿ), ಇಷ್ಟೇ ಸಂಸಾರ. ಒಂದಿನ ಅಂಗಡೀಲಿ ಮುಂದೆ ನೇರಳೆ ಹಿಂದೆ ಹಳದಿ ಇರೋ ಪುಟ್ಟ ಮೀನು ಕಾಣ್ತು, "ರಾಯಲ್ ಗ್ರಾಮಾ ಸಾರ್, ತುಂಬಾ ಸಾಧು" ಅಂದ್ರು, ರೇಟೂ ಕಮ್ಮಿ ಇತ್ತು, ತಗೊಂಡ್ ಬಂದು ಬಿಟ್ಟೆ. ಗ್ರಾಮಾ ಕೆರಿಬಿಯನ್ ಸಮುದ್ರದ ಮೀನು, ಅಷ್ಟು ದೂರದಿಂದ ಬರೋದು ಅಷ್ಟು ಕಮ್ಮಿಗೆ ಹೇಗೆ ಸಿಗುತ್ತೆ ಅಂತ ಆವಾಗ್ಲೇ ಯೋಚ್ನೆ ಮಾಡ್ಬೇಕಿತ್ತು, ಮಾಡ್ಲಿಲ್ಲ.

ನಾಲ್ಕನೇ ದಿನ ಫೈರ್‌ಫಿಶ್ ನಾಪತ್ತೆ. ಊರಿಂದ ಅಮ್ಮ ಬಂದಿದ್ರು, ಬೆಳಿಗ್ಗೆ ಕಸ ಗುಡಿಸ್ತಾ ಸ್ಟ್ಯಾಂಡ್ ಹಿಂದಿಂದ ಏನೋ ಎತ್ಕೊಂಡು "ಇದೇನೋ, ಒಣಮೀನು ಇಲ್ಲಿ ಬಿದ್ದಿದ್ಯಲ್ಲೋ" ಅಂದ್ರು. ಅದೇ ನನ್ ಫೈರ್‌ಫಿಶ್. ಸರಿ, ಹಾರೋ ಜಾತಿ, ಹಾರಿದೆ ಅಂದ್ಕೊಂಡೆ. ಒಂದು ವಾರಕ್ಕೆ ಬಂಗಾಯ್ ಮೂಲೇಲಿ ಮೇಲ್ಗಡೆ ನಿಂತ್ಕೊಂಡು ಜೋರಾಗಿ ಉಸಿರಾಡ್ತಿದೆ, ಮೈಮೇಲೆ ನಾಲ್ಕೈದು ಬಿಳಿ ಚುಕ್ಕೆ. ಆಹಾ ರೋಗ ಸಿಕ್ತು ಅಂತ ಬಿಳಿ ಚುಕ್ಕೆಗೆ ಅಂತ ಮಾರೋ ಔಷಧಿ ತಂದು ಅದೇ ಟ್ಯಾಂಕಿಗೆ ಸುರಿದೆ. ಅದರಲ್ಲಿ ತಾಮ್ರ ಇತ್ತು, ಲೇಬಲ್ಲು ಓದಿರ್ಲಿಲ್ಲ. ಮಾರನೇ ದಿನ ಎರಡೂ ಶ್ರಿಂಪ್ ಮಗುಚ್ಕೊಂಡಿದ್ವು. ಬಂಗಾಯ್ ಹಂಗೇ ಮೂಲೇಲಿ. ಆ "ಸಾಧು" ಮೀನು ಮಾತ್ರ ಮಿರಮಿರ ಮಿಂಚ್ತಾ, ಹಾಕಿದ್ದೆಲ್ಲ ತಿನ್ಕೊಂಡು ಓಡಾಡ್ತಿತ್ತು.

ಅದು ಗ್ರಾಮಾನೇ ಅಲ್ಲ, ರಾಯಲ್ ಡಾಟಿಬ್ಯಾಕ್. ಬಣ್ಣ ಒಂದೇ ತರ, ಸ್ವಭಾವ ಪೂರ್ತಿ ಉಲ್ಟಾ. ಗ್ರಾಮಾದಲ್ಲಿ ನೇರಳೆ ಹಳದಿ ಸೇರೋ ಕಡೆ ಚುಕ್ಕೆ ಚುಕ್ಕೆಯಾಗಿ ಒಂದ್ರೊಳಗೊಂದು ಕರಗಿರುತ್ತೆ, ಬೆನ್ನಿನ ರೆಕ್ಕೆ ಮುಂದ್ಗಡೆ ಒಂದು ಕಪ್ಪು ಬೊಟ್ಟು ಇರುತ್ತೆ, ಕಣ್ಣಿನ ಮೇಲೆ ಗೆರೆ ಹಾದುಹೋಗಿರುತ್ತೆ. ಡಾಟಿಬ್ಯಾಕಲ್ಲಿ ಸ್ಕೇಲ್ ಇಟ್ಟು ಪೇಂಟ್ ಹೊಡೆದಂಗೆ ಎರಡು ಬಣ್ಣ ಕಟ್ ಆಗಿರುತ್ತೆ, ಬೊಟ್ಟು ಇಲ್ಲ ಗೆರೆ ಇಲ್ಲ. ಇಷ್ಟು ಗೊತ್ತಿದ್ರೆ ಮೂರು ಜೀವ ಉಳೀತಿತ್ತು.

ಈಗ ನಿಮ್ಮ ಟ್ಯಾಂಕಿಗೆ ಬನ್ನಿ.

ಮೊದ್ಲನೇ ಪ್ರಶ್ನೆ, ತೊಂದ್ರೆ ಒಬ್ಬನಿಗೋ ಎಲ್ರಿಗೋ

ಇದೊಂದು ಪ್ರಶ್ನೆ ಕೇಳ್ಕೊಂಡ್ರೆ ಅರ್ಧ ದಾರಿ ಮುಗೀತು. ಎಲ್ಲಾ ಮೀನೂ ಒಟ್ಟಿಗೆ ಕೆಟ್ಟಿದ್ರೆ ಅದು ನೀರಿಂದು ಇಲ್ಲಾ ರೋಗದ್ದು. ಒಂದೇ ಮೀನು ಕೆಟ್ಟಿದ್ದು ಬೇರೆಯವೆಲ್ಲ ಆರಾಮಾಗಿದ್ರೆ ಮೊದ್ಲ ಅನುಮಾನ ಜೊತೆಗಿರೋರ ಮೇಲೆ.

ಎಲ್ಲವೂ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ ಅಂದ್ರೆ ಯಾರು ಯಾರನ್ನ ಕಚ್ಚಿದ್ರು ಅಂತ ನೋಡ್ತಾ ಕೂತ್ಕೋಬೇಡಿ. ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತಿತ್ತಾ ನೋಡಿ. ಉಪ್ಪುನೀರು ಸಿಹಿನೀರಿಗಿಂತ ಕಮ್ಮಿ ಆಮ್ಲಜನಕ ಹಿಡ್ಕೊಳ್ಳೋದು, ನೀರು ಬಿಸಿಯಾದಷ್ಟೂ ಇನ್ನೂ ಕಮ್ಮಿ, ಅದ್ಕೇ ಏಪ್ರಿಲ್ ತಿಂಗ್ಳ ಮಧ್ಯಾಹ್ನದ ಪವರ್ ಕಟ್ ಅಂದ್ರೆ ನಂಗೆ ಎದೆ ಡವಡವ. ಮೇಲ್ಗಡೆ ನೀರು ಅಲುಗಾಡೋ ತರ ಪಂಪ್ ತಿರುಗ್ಸಿ, ಬ್ಯಾಟರಿ ಏರ್ ಪಂಪ್ ಒಂದು ಮನೇಲಿ ಇಟ್ಕೊಳ್ಳಿ. ಆಮೇಲೆ ಅಮೋನಿಯಾ, ನೈಟ್ರೈಟ್ (ಮೀನಿನ ಗಲೀಜಿಂದ ಹುಟ್ಟೋ ವಿಷಗಳು) ಟೆಸ್ಟ್ ಮಾಡಿ, ಎರಡೂ ಸೊನ್ನೆ ಇರ್ಬೇಕು, ಸ್ವಲ್ಪ ಬಣ್ಣ ತಿರುಗಿದ್ರೂ ಕಾಲು ಭಾಗ ನೀರು ಬದ್ಲಾಯ್ಸಿ, ಹೊಸ ನೀರಿನ ಉಪ್ಪು ಮತ್ತೆ ಬಿಸಿ ಹಳೇದಕ್ಕೆ ಸರಿ ಇರ್ಬೇಕು. ಟೆಂಪರೇಚರ್ 25ರಿಂದ 27 ಡಿಗ್ರಿ, ಸಾಂದ್ರತೆ (ನೀರಲ್ಲಿ ಉಪ್ಪು ಎಷ್ಟಿದೆ ಅಂತ ತೋರ್ಸೋ ಅಳತೆ) 1.025 ಆಸುಪಾಸು. ಸಾಂದ್ರತೆ ನೋಡೋಕೆ ಮುಳ್ಳು ತಿರುಗೋ ಪ್ಲಾಸ್ಟಿಕ್ ಹೈಡ್ರೋಮೀಟರ್ ನಂಬ್ಬೇಡಿ, ಮುಳ್ಳಿಗೆ ಒಂದು ಗುಳ್ಳೆ ಅಂಟಿದ್ರೂ ಸುಳ್ಳು ಹೇಳುತ್ತೆ, ಒಂದೆರಡು ಹನಿ ನೀರು ಹಾಕಿ ಕಣ್ಣಿಟ್ಟು ನೋಡೋ ರಿಫ್ರ್ಯಾಕ್ಟೋಮೀಟರ್ ತಗೊಳ್ಳಿ.

ಎಲ್ಲದ್ರ ಮೈಮೇಲೂ ಚುಕ್ಕೆ ಅಂದ್ರೆ ರೋಗ. ಉಪ್ಪಿನ ಹರಳು ಅಂಟಿದಂಗಿದ್ರೆ ಮರೀನ್ ಇಕ್, ಹೆಸರು ಕ್ರಿಪ್ಟೋಕ್ಯಾರಿಯಾನ್. ಅಕ್ಕಿಹಿಟ್ಟು ಉದುರ್ಸಿದಂಗೆ ನುಣ್ಣಗಿದ್ದು ಉಸಿರಾಟ ಜೋರಾಗಿದ್ರೆ ವೆಲ್ವೆಟ್, ಅದು ಕೆಲವೇ ದಿನದಲ್ಲಿ ಟ್ಯಾಂಕ್ ಖಾಲಿ ಮಾಡುತ್ತೆ, ಕಾಯೋ ಹಂಗಿಲ್ಲ. ಎರಡಕ್ಕೂ ಮೀನನ್ನ ಬೇರೆ ಟ್ಯಾಂಕಿಗೆ ತೆಗೆದು ಅಲ್ಲಿ ತಾಮ್ರದ ಔಷಧಿ, ಅದೂ ತಾಮ್ರದ ಟೆಸ್ಟ್ ಕಿಟ್ ಇಟ್ಕೊಂಡು. ಮುಖ್ಯ ಟ್ಯಾಂಕಿಗೆ ತಾಮ್ರ ಯಾವತ್ತೂ ಹಾಕ್ಬೇಡಿ, ಶ್ರಿಂಪ್, ಬಸವನಹುಳ, ಕೋರಲ್ ಎಲ್ಲ ಹೋಗುತ್ತೆ, ಕಲ್ಲು ಮರಳು ತಾಮ್ರ ಹೀರ್ಕೊಂಡು ಮುಂದೆಯೂ ಕಾಟ ಕೊಡುತ್ತೆ. ಇಕ್ ಬಂದಿದ್ರೆ ಮುಖ್ಯ ಟ್ಯಾಂಕಲ್ಲಿ ಒಂದೂ ಮೀನಿಲ್ದೆ 76 ದಿನ ಖಾಲಿ ಬಿಡೋದು ಈ ಹವ್ಯಾಸದವರ ರೂಢಿ ಲೆಕ್ಕ. ಸಿಹಿನೀರಿನ ಇಕ್ ಔಷಧಿ ಇದಕ್ಕೆ ಆಗಿಬರಲ್ಲ, ಹೆಸರೊಂದೇ ತರ, ಜೀವಿ ಬೇರೆ.

ಇಲ್ಲೊಂದು ಬಲೆ ಇದೆ, ನಾನು ಬಿದ್ದಿದ್ದೂ ಅದಕ್ಕೇ. ಸದಾ ಏಟು ತಿನ್ನೋ ಮೀನು ಸೊರಗಿರುತ್ತೆ, ಹಾಗಾಗಿ ಚುಕ್ಕೆ ಮೊದ್ಲು ಏಳೋದು ಅದರ ಮೈಮೇಲೆ. ನಿಮಗೆ ಚುಕ್ಕೆ ಕಾಣುತ್ತೆ, ಅಟ್ಟಿಸ್ಕೊಂಡು ಹೋಗೋನು ಕಾಣಲ್ಲ. ಬೇರೆ ಟ್ಯಾಂಕಿಗೆ ತೆಗೆದು ವಾಸಿ ಮಾಡಿ ವಾಪಸ್ ಬಿಡ್ತೀರ, ಹತ್ತು ದಿನಕ್ಕೆ ಮತ್ತೆ ಅದೇ ಕಥೆ, ಔಷಧಿ ಡೂಪ್ಲಿಕೇಟು ಅಂತ ಬೈಕೋತೀರ. ಒಂದೇ ಮೀನಿಗೆ ಮತ್ತೆ ಮತ್ತೆ ಹುಷಾರು ತಪ್ತಿದ್ರೆ ರೋಗದ ಜೊತೆ ರೌಡೀನೂ ಹುಡುಕ್ಲೇಬೇಕು.

ಇದರ ಉಲ್ಟಾನೂ ಉಂಟು. ಹೊಸ ಮೀನು ತಂದು ಎರಡ್ಮೂರು ದಿನದಲ್ಲಿ ಸತ್ತೋಯ್ತು, ಹಳೇ ಮೀನು ಒಂದೆರಡು ಸಲ ಅಟ್ಟಿಸಿದ್ದು ನೋಡಿದ್ರಿ, ಅದೇ ಕೊಂದಿದ್ದು ಅಂದ್ಕೊಂಡ್ರಿ. ಆದ್ರೆ ಎಷ್ಟೋ ಅಂಗಡೀಲಿ ಉಪ್ಪು ಉಳ್ಸೋಕೆ, ಪರಾವಲಂಬಿ ಕಮ್ಮಿ ಮಾಡೋಕೆ ಸಾಂದ್ರತೆ 1.018, 1.020 ಹಂಗೆ ಇಟ್ಟಿರ್ತಾರೆ. ಅಲ್ಲಿಂದ ಸೀದಾ 1.025ಕ್ಕೆ ಅರ್ಧ ಗಂಟೇಲಿ ಬಿಟ್ರೆ ಮೀನಿನ ದೇಹ ತಡ್ಕೊಳಲ್ಲ. ಉಪ್ಪು ಇಳಿಸೋದು ಮೀನಿಗೆ ಅಷ್ಟು ಕಷ್ಟ ಅಲ್ಲ, ಏರಿಸೋದೇ ಕಷ್ಟ. ಹೊಸ ಮೀನು ತಂದ ಕವರಿನ ನೀರಿಗೆ ಎರಡು ಹನಿ ರಿಫ್ರ್ಯಾಕ್ಟೋಮೀಟರಿಗೆ ಹಾಕಿ ನೋಡೋದು ಅಭ್ಯಾಸ ಮಾಡ್ಕೊಳ್ಳಿ. ವ್ಯತ್ಯಾಸ ಜಾಸ್ತಿ ಇದ್ರೆ ಬೇರೆ ಟ್ಯಾಂಕನ್ನ ಅಂಗಡಿ ನೀರಿನ ಮಟ್ಟಕ್ಕೇ ಇಟ್ಟು ಅಲ್ಲಿ ಬಿಟ್ಟು, ದಿನಾ ಸ್ವಲ್ಪ ಸ್ವಲ್ಪ ಏರ್ಸಿ.

ರೌಡೀನ ಹಿಡಿಯೋದು ಹೇಗೆ

ನೀವು ಎದುರು ನಿಂತ್ರೆ ಏನೂ ಕಾಣಲ್ಲ. ಮೀನುಗಳಿಗೆ ನೀವು ಅಂದ್ರೆ ಊಟ, ಎಲ್ಲಾ ಗಾಜಿನ ಹತ್ರ ಬಂದು ಬಾಲ ಆಡಿಸ್ತವೆ, ಪೊಲೀಸ್ ಬಂದಾಗ ಎಲ್ರೂ ಒಳ್ಳೇವ್ರಾಗೋ ತರ. ಸ್ಟೂಲ್ ಮೇಲೆ ಮೊಬೈಲ್ ಇಟ್ಟು ವಿಡಿಯೋ ಆನ್ ಮಾಡಿ ಅರ್ಧ ಗಂಟೆ ಬೇರೆ ರೂಮಿಗೆ ಹೋಗಿ. ಎರಡು ಹೊತ್ತಲ್ಲಿ ತೆಗೀರಿ, ಊಟ ಹಾಕಿದಾಗ ಒಂದು, ಸಂಜೆ ಲೈಟ್ ಆಫ್ ಆಗೋಕೆ ಮುಂಚೆ ಒಂದು. ಸಂಜೆದು ಬಹಳ ಮುಖ್ಯ, ಮಲಗೋ ಬಿಲಕ್ಕೆ ಜಗಳ ಆಗೋದು ಆವಾಗ್ಲೇ, ಹಗಲೆಲ್ಲ ಸಭ್ಯಸ್ಥ ಆಗಿರೋನು ಸಂಜೆ ಆರೂವರೆಗೆ ಬೇರೆಯವ್ನಾಗಿರ್ತಾನೆ.

ವಿಡಿಯೋದಲ್ಲಿ ನೋಡ್ಬೇಕಾಗಿದ್ದು ಯಾರು ಅಟ್ಟಿಸ್ತಾರೆ ಅಂತ ಮಾತ್ರ ಅಲ್ಲ, ಎಲ್ಲೀವರೆಗೆ ಅಟ್ಟಿಸ್ತಾರೆ ಅಂತ. ಒಂದು ಕಲ್ಲಿನ ಹತ್ರ ಬಂದ್ರೆ ಮಾತ್ರ ಹೊಡೆದು, ಒಂದಡಿ ಆಚೆ ಹೋದ್ರೆ ಬಿಟ್ಬಿಡ್ತಾನೆ ಅಂದ್ರೆ ಅದು ಜಾಗದ ಜಗಳ, ಸೈಟ್ ತಕರಾರು ಇದ್ದಂಗೆ, ಕಲ್ಲು ಆಚೀಚೆ ಮಾಡಿದ್ರೆ ಸರಿಹೋಗೋ ಚಾನ್ಸ್ ಇದೆ. ಈ ಮೂಲೆಯಿಂದ ಆ ಮೂಲೆವರೆಗೂ ಬೆನ್ನು ಬಿಡದೆ ಅಟ್ಟಿಸ್ತಾನೆ ಅಂದ್ರೆ ಅದು ಆ ಮೀನಿನ ಮೇಲಿನ ದ್ವೇಷ, ಕಲ್ಲು ಎಷ್ಟು ಸರಿಸಿದ್ರೂ ಪ್ರಯೋಜನ ಇಲ್ಲ, ಇಬ್ಬರಲ್ಲಿ ಒಬ್ಬರು ಹೊರಗೆ ಹೋಗ್ಬೇಕು.

ಹೊಸಬ ಬಂದಾಗ ಎರಡ್ಮೂರು ದಿನ ಅಟ್ಟಿಸೋದು ಮಾಮೂಲಿ, ಅದಕ್ಕೆ ಗಾಬರಿ ಬೇಡ. ಗಾಬರಿ ಆಗ್ಬೇಕಾದ್ದು ಹೊಸಬ ಊಟಕ್ಕೂ ಬರದೆ ಹೀಟರ್ ಹಿಂದೆಯೋ ಮೇಲಿನ ಮೂಲೇಲೋ ಅಂಟ್ಕೊಂಡಿದ್ರೆ, ಬಾಲ ಮತ್ತೆ ಬೆನ್ನಿನ ರೆಕ್ಕೆ ಕಚ್ಚಿ ತೆಗೆದಂಗೆ ತುಂಡಾಗಿದ್ರೆ. ರೆಕ್ಕೆ ಕೊಳೆಯೋ ರೋಗದಲ್ಲೂ ರೆಕ್ಕೆ ಹೋಗುತ್ತೆ, ಆದ್ರೆ ಅದರ ಅಂಚು ಬಿಳಿಚ್ಕೊಂಡೋ ಕೆಂಪಾಗೋ ಇರುತ್ತೆ, ದಿನದಿಂದ ದಿನಕ್ಕೆ ನಿಧಾನಕ್ಕೆ ಸವೀತಾ ಬರುತ್ತೆ. ನಿನ್ನೆ ಸರಿ ಇದ್ದ ಬಾಲ ಇವತ್ತು ತುಂಡು ಅಂದ್ರೆ ಅದು ಹಲ್ಲಿನ ಕೆಲ್ಸ. ಇನ್ನೊಂದು ಗುರುತು, ಟ್ಯಾಂಕಲ್ಲಿ ಎಲ್ರಿಗಿಂತ ದುಂಡಗೆ, ಒಂದು ಗಾಯ ಇಲ್ದೆ, ಬಣ್ಣ ಏರಿರೋ ಮೀನು ಯಾವುದೋ ಮೊದ್ಲು ಅವನ್ನೇ ನೋಡಿ.

ಮೀನೇ ಕಾಣಿಸ್ತಿಲ್ಲ ಅಂದ್ರೆ? ನೆಲ, ಸ್ಟ್ಯಾಂಡ್ ಹಿಂದೆ, ಓವರ್‌ಫ್ಲೋ ಪೆಟ್ಟಿಗೆ, ಸಂಪು, ಇವನ್ನ ನೋಡಿ. ಓವರ್‌ಫ್ಲೋ ಅಂದ್ರೆ ಟ್ಯಾಂಕಿನ ನೀರು ತುಂಬಿ ಕೆಳಗಿಳಿಯೋ ಜಾಗ, ಸಂಪು ಅಂದ್ರೆ ಆ ನೀರು ಬಂದು ಫಿಲ್ಟರ್ ಆಗೋ ಕೆಳಗಿನ ತೊಟ್ಟಿ, ಮನೆ ಮುಂದಿನ ಕಾವೇರಿ ನೀರಿನ ಸಂಪಲ್ಲ, ಒಬ್ರು ನನ್ನ ಹತ್ರ ನಿಜವಾಗ್ಲೂ ಆ ಡೌಟ್ ಕೇಳಿದ್ರು. ಹೆಣ ಸಿಗ್ಲಿಲ್ಲ ಅಂದ ಮಾತ್ರಕ್ಕೆ ಯಾರೋ ನುಂಗಿದ್ರು ಅಂತಲ್ಲ, ಸತ್ತ ಪುಟ್ಟ ಮೀನನ್ನ ಹರ್ಮಿಟ್ ಏಡಿ, ಬ್ರಿಸಲ್ ಹುಳ ಒಂದು ರಾತ್ರೀಲಿ ಮುಗಿಸ್ತವೆ. ಫೈರ್‌ಫಿಶ್, ರ‍್ಯಾಸ್, ಗೋಬಿ ಎಲ್ಲ ಹೆದರಿದ್ರೆ ಹಾರೋ ಜಾತಿ. ಆದ್ರೆ ಹೆದರಿಸಿದ್ದು ಯಾರು ಅನ್ನೋ ಪ್ರಶ್ನೆ ಕೇಳದೆ ಬಿಡ್ಬೇಡಿ, ನಾನು ಅಲ್ಲೇ ತಪ್ಪಿದ್ದು. ಎಂಟು ತಿಂಗ್ಳು ಹಾರದೇ ಇದ್ದ ಮೀನು ಹೊಸಬ ಬಂದ ನಾಲ್ಕನೇ ದಿನ ಹಾರಿದ್ರೆ ಅದು ಕಾಕತಾಳೀಯ ಅಲ್ಲ.

ಯಾರ ಜೊತೆ ಯಾರು ಆಗಲ್ಲ

ಸಾಮಾನ್ಯ ಸೂತ್ರ ಇಷ್ಟೇ: ಆಕಾರ ಒಂದೇ, ಬಣ್ಣ ಒಂದೇ, ಊಟ ಒಂದೇ, ಇರೋ ಮಟ್ಟ ಒಂದೇ ಇದ್ದಷ್ಟೂ ಜಗಳ ಜಾಸ್ತಿ. ಸಿಂಹ ಜಿಂಕೆ ಜಗಳ ಅಲ್ಲ ಇದು, ದಾಯಾದಿ ಜಗಳ.

ಕ್ಲೌನ್ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಎಲ್ರೂ ಮೊದ್ಲು ತರೋದು ಅದನ್ನೇ. ಕ್ಲೌನ್ ಮರಿಗಳು ಹೆಣ್ಣೂ ಅಲ್ಲ ಗಂಡೂ ಅಲ್ಲ ಅನ್ನೋ ಸ್ಥಿತೀಲಿ ಇರ್ತವೆ, ಗುಂಪಲ್ಲಿ ದೊಡ್ಡದು ಹೆಣ್ಣಾಗುತ್ತೆ, ಅದರ ನಂತರದ್ದು ಗಂಡು. ಹೆಣ್ಣು ಸತ್ರೆ ಗಂಡೇ ಹೆಣ್ಣಾಗುತ್ತೆ, ಆದ್ರೆ ಒಮ್ಮೆ ಹೆಣ್ಣಾದ ಮೇಲೆ ವಾಪಸ್ ಇಲ್ಲ. ಹಾಗಾಗಿ ಚೆನ್ನಾಗಿ ಬೆಳೆದ ಒಂದೇ ಸೈಜಿನ ಎರಡು ಕ್ಲೌನ್ ತಂದ್ರೆ ಎರಡೂ ಹೆಣ್ಣಾಗಿರೋ ಸಾಧ್ಯತೆ ಇದೆ, ಬಾಯಿಗೆ ಬಾಯಿ ಹಾಕಿ ಎಳೆದಾಡ್ತಾ ಒಂದು ಸಾಯೋವರ್ಗೂ ಬಿಡಲ್ಲ. ಒಂದು ದೊಡ್ಡದು ಒಂದು ಚಿಕ್ಕದು ತಗೊಳ್ಳಿ. ಚಿಕ್ಕದು ದೊಡ್ಡದರ ಪಕ್ಕ ವಾಲ್ಕೊಂಡು ಗಡಗಡ ನಡುಗ್ತಿದ್ರೆ ಹೆದರ್ಬೇಡಿ, ಫಿಟ್ಸ್ ಅಲ್ಲ, "ನೀನೇ ಯಜಮಾನಿ" ಅಂತ ಒಪ್ಕೊಳೋದು, ಜೋಡಿ ಕೂಡ್ತಿದೆ ಅಂತ ಅರ್ಥ. ಮೂರನೇ ಕ್ಲೌನ್ ಬೇಡ. ಮಾಮೂಲಿ ಕಿತ್ತಳೆ ಕ್ಲೌನ್ ಜೊತೆ ಸೀಬೇ, ಕ್ಲಾರ್ಕಿ, ಮರೂನ್ ಬೇಡ್ವೇ ಬೇಡ, ಎಲ್ಲಾ ಕ್ಲೌನೇ ಅಲ್ವಾ ಅಂತ ಸೇರ್ಸಿದ್ರೆ ಮರೂನ್ ಒಂದೇ ಸಾಕು ಎಲ್ರನ್ನೂ ಮುಗ್ಸೋಕೆ.

ಡ್ಯಾಮ್ಸೆಲ್. ಕಮ್ಮಿ ದುಡ್ಡು, ಗಟ್ಟಿ ಜೀವ, ಅದ್ಕೇ ಅಂಗಡಿಯವ್ರು "ಮೊದ್ಲು ಇದನ್ನ ಬಿಡಿ, ಟ್ಯಾಂಕ್ ಸೆಟ್ ಆಗ್ಲಿ" ಅಂತ ಕೊಡ್ತಾರೆ. ಟ್ಯಾಂಕೇನೋ ಸೆಟ್ ಆಗುತ್ತೆ, ಆದ್ರೆ ಮೊದ್ಲು ಬಂದೋನು ಇಡೀ ಟ್ಯಾಂಕ್ ನಂದೇ ಅಂತಾನೆ, ಆಮೇಲೆ ನೀವು ತರೋ ಪ್ರತಿ ಮೀನೂ ಅವನಿಗೆ ಒತ್ತುವರಿದಾರ. ಡಾಮಿನೋ, ಹಂಬಗ್ ಮರೀಲಿ ಮುದ್ದು, ದೊಡ್ಡದಾದ್ರೆ ಟ್ಯಾಂಕಿಗೆ ಕೈ ಹಾಕಿದ್ರೂ ಬಂದು ಕುಕ್ತವೆ. ಹೊಸ ಟ್ಯಾಂಕ್ ಸೈಕಲ್ ಮಾಡೋಕೆ, ಅಂದ್ರೆ ಅಮೋನಿಯಾ ಅರಗಿಸೋ ಬ್ಯಾಕ್ಟೀರಿಯಾ ಬೆಳೆಸೋಕೆ, ಮೀನೇ ಬೇಡ, ಬಾಟ್ಲಿ ಅಮೋನಿಯಾ ಇಲ್ಲಾ ಒಂದು ಸಿಗಡಿ ತುಂಡು ಸಾಕು.

ಗ್ರೀನ್ ಕ್ರೋಮಿಸ್ ಆರು ತಂದ್ರೆ ಗುಂಪಾಗಿ ಚೆನ್ನಾಗಿ ಕಾಣುತ್ತೆ, ಆಮೇಲೆ ಐದು, ನಾಲ್ಕು, ಕೊನೆಗೆ ಒಂದೋ ಎರಡೋ. ಸಣ್ಣ ಟ್ಯಾಂಕಲ್ಲಿ ತಮ್ಮತಮ್ಮಲ್ಲೇ ಮೇಲು ಕೀಳು ಮಾಡ್ಕೊಂಡು ಕಡೇದನ್ನ ಕಾಡ್ತಾ ಹೋಗ್ತವೆ. ಸಿಕ್ಸ್‌ಲೈನ್ ರ‍್ಯಾಸ್ ಒಂದು ವರ್ಷ ಸಾಧುವಾಗಿದ್ದು ಆಮೇಲೆ ತಿರುಗ್ಬೀಳೋದು ಬಹಳ ಸಲ ಆಗಿದೆ. ಟ್ಯಾಂಗ್‌ಗಳು, ಹಳದೀದು, ನೀಲೀದು, ಪೌಡರ್ ಬ್ಲೂ, 4 ಅಡಿ ಟ್ಯಾಂಕಿಗೆ ಬೇಡ, 6 ಅಡಿ ಇದ್ರೆ ಮಾತ್ರ. ಬಾಲದ ಬುಡದಲ್ಲಿ ಬ್ಲೇಡಿನಂಥ ಮುಳ್ಳಿದೆ ಅವಕ್ಕೆ, ಎರಡು ಟ್ಯಾಂಗ್ ಜಗಳ ಆಡಿದ್ರೆ ಗಾಯ ಕೊಯ್ದಂಗಿರುತ್ತೆ, ನೇರ ಗೀರು ಕಂಡ್ರೆ ಗುರುತು ಹಿಡೀರಿ. ಲಯನ್‌ಫಿಶ್ ಯಾರನ್ನೂ ಅಟ್ಟಿಸಲ್ಲ, ಬಾಯಿಗೆ ಹಿಡಿಸಿದ್ದನ್ನ ನುಂಗುತ್ತೆ ಅಷ್ಟೇ, ಅದರ ಟ್ಯಾಂಕಲ್ಲಿ ಮೀನು ಕಮ್ಮಿ ಆಗ್ತಿದ್ರೆ ತನಿಖೆ ಏನೂ ಬೇಡ. ಅದರ ಮುಳ್ಳಲ್ಲಿ ವಿಷ ಇದೆ, ಚುಚ್ಚಿದ್ರೆ ತಡ್ಕೊಳ್ಳೋಷ್ಟು ಬಿಸಿನೀರಲ್ಲಿ ಕೈ ಇಟ್ಟು ಆಸ್ಪತ್ರೆಗೆ ಹೋಗಿ.

ಬಿಡಿಸೋದು ಹೇಗೆ

ಸುಲಭದ್ದರಿಂದ ಶುರು ಮಾಡಿ. ಊಟಾನ ಎರಡೂ ತುದೀಲಿ ಒಟ್ಟಿಗೆ ಹಾಕಿ, ದಿನಕ್ಕೆ ಒಂದು ಸಲದ ಬದ್ಲು ಮೂರು ಸಲ ಸ್ವಲ್ಪ ಸ್ವಲ್ಪ. ಹೊರಗಡೆ ಗಾಜಿಗೆ ಒಂದು ಕನ್ನಡಿ ಒರಗಿಸಿ, ರೌಡಿ ತನ್ನ ಬಿಂಬದ ಜೊತೆ ಜಗಳಕ್ಕೆ ನಿಲ್ತಾನೆ, ಅಷ್ಟರಲ್ಲಿ ಹೊಸಬ ನಾಲ್ಕು ತುತ್ತು ತಿನ್ತಾನೆ, ಟ್ಯಾಂಗ್‌ಗಳಿಗೆ ಇದು ಚೆನ್ನಾಗಿ ಕೆಲ್ಸ ಮಾಡುತ್ತೆ. ದಿನಕ್ಕೆ ಕೆಲವು ಗಂಟೆ ಸಾಕು, ಪೂರ್ತಿ ದಿನ ಇಟ್ರೆ ಅವನಿಗೂ ಸುಸ್ತು.

ಹೊಸಬನ್ನ ತೂತಿರೋ ಪಾರದರ್ಶಕ ಡಬ್ಬದಲ್ಲಿ ಟ್ಯಾಂಕ್ ಒಳಗೇ ನಾಲ್ಕೈದು ದಿನ ತೂಗುಹಾಕೋದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇ ಉಪಾಯ. ನೋಡ್ತಾರೆ, ಗಾಜಿಗೆ ಕುಕ್ತಾರೆ, ಬೇಜಾರಾಗಿ ಬಿಡ್ತಾರೆ. ಐದನೇ ದಿನವೂ ಕುಕ್ಕೋದು ನಿಲ್ಲಿಸ್ಲಿಲ್ಲ ಅಂದ್ರೆ ಬಿಡ್ಲೇಬೇಡಿ, ಬಿಟ್ಟಿದ್ರೆ ಏನಾಗ್ತಿತ್ತು ಅಂತ ಪುಕ್ಕಟೆ ಗೊತ್ತಾಯ್ತಲ್ಲ. ಹಳೇ ರೌಡೀನೇ ಒಂದು ವಾರ ಸಂಪಿಗೆ ಹಾಕಿ, ಕಲ್ಲುಗಳ ಜಾಗ ಬದ್ಲಾಯ್ಸಿ, ಹೊಸಬ ನೆಲೆಯಾದ ಮೇಲೆ ಕೊನೇಗೆ ಇವನನ್ನ ಬಿಟ್ರೆ ಜಾಗದ ಜಗಳ ಎಷ್ಟೋ ಸಲ ಮುಗಿದುಹೋಗುತ್ತೆ.

ಹಿಡಿಯೋದೇ ಕಷ್ಟ ಅಂತೀರ, ಹೌದು. ಬಲೆ ಹಿಡ್ಕೊಂಡು ಅಟ್ಟಿಸಿದ್ರೆ ಕಲ್ಲೆಲ್ಲ ಬೀಳುತ್ತೆ, ಮೀನು ಸಿಗಲ್ಲ. ಒಂದು ಲೀಟರ್ ನೀರಿನ ಬಾಟ್ಲಿ ಕತ್ತು ಕತ್ತರಿಸಿ ಉಲ್ಟಾ ಒಳಗೆ ತುರುಕಿ, ಒಳಗೆ ಸಿಗಡಿ ಚೂರು ಇಟ್ಟು ಮಲಗ್ಸಿ, ಪಕ್ಕದಲ್ಲಿ ತೂತು ಮಾಡಿ. ಒಳಗೆ ಹೋದೋನಿಗೆ ಆಚೆ ಬರೋ ದಾರಿ ತಿಳಿಯಲ್ಲ. ನನ್ನ ಡಾಟಿಬ್ಯಾಕ್ ಎರಡು ದಿನ ಬಾಟ್ಲಿ ಸುತ್ತ ಸುತ್ತಿದ, ಒಳಗೆ ಮಾತ್ರ ಕಾಲಿಡ್ಲಿಲ್ಲ, ಕಾಲಿಲ್ಲ ಬಿಡಿ. ಕೊನೆಗೆ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಬಿಟ್ಟು ಅವನು ಮಲಗೋ ಬಿಲ ಯಾವ ಕಲ್ಲಲ್ಲಿ ಅಂತ ನೋಡಿ, ಕಲ್ಲು ಸಮೇತ ಎತ್ತಿ ಬಕೆಟ್ಟಿಗಿಟ್ಟೆ.

ಮುಂದಿನ ಮೀನು ತರೋವಾಗ

ಸಾಧುಗಳು ಮೊದ್ಲು, ಜಗಳಗಂಟರು ಕೊನೆಗೆ. ನನ್ನ ಸೈಜಿನ ಟ್ಯಾಂಕಿಗೆ ಫೈರ್‌ಫಿಶ್, ಗೋಬಿ, ಕಾರ್ಡಿನಲ್ ಮೊದ್ಲು, ಆಮೇಲೆ ನಿಜವಾದ ಗ್ರಾಮಾ ಸಿಕ್ರೆ ಅದು, ಕೊನೇಲಿ ಕ್ಲೌನ್ ಜೋಡಿ. ಒಂದೊಂದರ ಮಧ್ಯೆ ಕನಿಷ್ಠ ಮೂರು ವಾರ ಅಂತರ ಇಟ್ಟು, ಅದನ್ನ ಬೇರೆ ಟ್ಯಾಂಕಲ್ಲೇ ಕಳೀಬೇಕು. ಅಂಗಡೀಲಿ ಕರೆಯೋ ಹೆಸರು ಕೇಳಿ ದುಡ್ಡು ಕೊಡ್ಬೇಡಿ, ಮೀನಿನ ಫೋಟೋ ತೆಗೆದು ಮನೆಗೆ ಬಂದು ವೈಜ್ಞಾನಿಕ ಹೆಸರು ಹುಡುಕಿ, ಬೆಳೆದ್ರೆ ಎಷ್ಟು ಉದ್ದ, ಏನು ತಿನ್ನುತ್ತೆ ನೋಡಿ, ಆಮೇಲೆ ವಾಪಸ್ ಹೋಗಿ. ಮ್ಯಾಂಡರಿನ್ ಮೀನು ಸಾಧುವೇ, ಆದ್ರೆ ಅದಕ್ಕೆ ಕೋಪೆಪಾಡ್ ಅನ್ನೋ ಪುಟಾಣಿ ನೀರಿನ ಜೀವಿಗಳು ಜೀವಂತವಾಗಿ ಬೇಕು, ಹೊಸ ಟ್ಯಾಂಕಲ್ಲಿ ಯಾರೂ ಮುಟ್ಟದೇ ಹಸಿವಿಂದ ಸಾಯುತ್ತೆ. ಟ್ಯಾಂಕಲ್ಲೇ ಹುಟ್ಟಿದ ಕ್ಲೌನ್ ಸಿಕ್ರೆ ಅದನ್ನೇ ತಗೊಳ್ಳಿ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವ್ರು ನಮ್ಮ ದೇಶದಲ್ಲೇ ಕ್ಲೌನ್ ಮರಿ ಮಾಡೋ ವಿಧಾನ ರೂಢಿಗೆ ತಂದಿದಾರೆ, ಅಂಥ ಮರಿ ಗುಳಿಗೆ ಊಟಕ್ಕೆ ಒಗ್ಗಿರುತ್ತೆ. ಯಾರಾದ್ರೂ ನಮ್ಮ ಕಡಲಿಂದು ಅಂತ ಕಡಲಕುದುರೆ, ಗಟ್ಟಿ ಹವಳ ಕೊಡೋಕೆ ಬಂದ್ರೆ ಬೇಡ ಅನ್ನಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೆಳಗೆ ಅವಕ್ಕೆ ರಕ್ಷಣೆ ಇದೆ.

ಡಾಟಿಬ್ಯಾಕ್ ಕಚ್ಚಿದ್ದ ಬಂಗಾಯ್ ರೆಕ್ಕೆ ಮೂರು ವಾರಕ್ಕೆ ಬೆಳೀತು, ಚುಕ್ಕೆಗೆ ಬೇರೆ ಟ್ಯಾಂಕಲ್ಲಿ ಚಿಕಿತ್ಸೆ ಆಯ್ತು. ಮೇಲ್ಗಡೆ ಪೂರ್ತಿ ಸೊಳ್ಳೆ ಪರದೆ ತರದ ಜಾಲರಿ ಫ್ರೇಮಿಗೆ ಹಾಕಿಸಿದೀನಿ. ಡಾಟಿಬ್ಯಾಕ್ ಸಂಪಲ್ಲೇ ಇದಾನೆ, ಅಂಗಡಿಯವ್ರು ವಾಪಸ್ ತಗೊಳ್ಳಲ್ಲ ಅಂದ್ರು. ಅಲ್ಲಿನ ಬ್ರಿಸಲ್ ಹುಳಗಳನ್ನೆಲ್ಲ ತಿಂದು ಮುಗಿಸಿ ಇನ್ನೂ ದಪ್ಪ ಆಗಿದಾನೆ, ನೀರು ಸೋಸೋ ಬಟ್ಟೆ ಚೀಲ (ಫಿಲ್ಟರ್ ಸಾಕ್ಸ್) ಬದ್ಲಾಯ್ಸೋಕೆ ಕೈ ಹಾಕಿದ್ರೆ ಬೆರಳಿಗೆ ಬರ್ತಾನೆ.